ನನ್ನ ಹೆಸರ ಹಿಡದು ಅತ್ತವರು

ನನ್ನ ಹೆಸರು ತಿಪ್ಪಮ್ಮ. ನಗಬ್ಯಾಡ್ರಿ. ನಂಗೀಗ ನಲವತ್ತಾರು, ನಗೋರನ್ನ ಬುದ್ಧಿ ಬಂದಾಗಿಂದ ನೋಡ್ಲತ್ತೀನಿ, ಸಾಕಾಗ್ಯದ. ಜಹೀರಾಬಾದಿನ ದವಾಖಾನ್ಯಾಗ ಹೆಸರ ಕೂಗಿದ್ರ ಕುಂತವರೆಲ್ಲಾ ಹೊಳ್ಳಿ ನೋಡ್ತಾರ. ಸಣ್ಣಾಕಿ ಇದ್ದಾಗ ಅವ್ವಗ ಒಮ್ಮಿ ಕೇಳಿದ್ದೆ, "ಮಂದಿ ಮಕ್ಕಳಿಗಿ ಮಂಗಲಾ ಅಂತಾರ, ಶಿವಗಂಗಾ ಅಂತಾರ, ನಂಗ್ಯಾಕ ತಿಪ್ಪಿ ಹೆಸರಿಟ್ಟಿ?" ಅಂತ. ಅವ್ವ ಬೆನ್ನಿಗೊಂದು ಗುದ್ದು ಕೊಟ್ಟಳು. ಮತ್ತ ಕೇಳಲಿಲ್ಲ.

ಪಸ್ತಾಪುರದ ಹೆಣ್ಣಮಕ್ಕಳ ಸಂಘದಾಗ ನಾ ಕ್ಯಾಮೆರಾ ಹಿಡಿಯಾಕಿ. ಜ್ವಾಳ, ಸಜ್ಜಿ, ನವಣಿ ಬೆಳಿಯೋ ಸಂಘ ಅದು. ಇಪ್ಪತ್ತು ವರ್ಷದ ಹಿಂದ ಸಂಘ ಕಟ್ಟಿದ ಸಂಸ್ಥಾದವರು ನಮ್ಮಂಥ ಸಾಲಿ ಕಲಿಲಾರದವರಿಗಿ ವಿಡಿಯೋ ತಗಿಯಾಕ ಕಲಿಸಿದ್ರು. "ಅಂಗೂಟಾ ಒತ್ತಾಕಿ ಕ್ಯಾಮೆರಾ ಏನ್ ಹಿಡೀತಾಳ" ಅಂತ ಹಲ್ಲು ಕಿಸದ ಗಂಡಸರ ಮಕ್ಕಳ ಮದಿವಿ ವಿಡಿಯೋನೂ ನಾನೇ ತಗದೀನಿ. ನಮ್ಮ ಕಡಿ ಶಾಟಿಗಿ ನಮ್ಮವೇ ಹೆಸರು ಅವ. ಮ್ಯಾಲ ನಿಂತು ಕೆಳಗಿನವರನ್ನ ತಗದ್ರ ಪಟೇಲ ಶಾಟ್. ಸಮಾ ಕುಂತು ತಗದ್ರ ಸಂಘದ ಶಾಟ್. ನಾ ಪಟೇಲ ಶಾಟ್ ತಗಿಯೂದಿಲ್ಲ.

ಪುಷ್ಯದಾಗ ಒಂದು ಸೋಮವಾರ, ಮಧ್ಯಾನ ಊಟ ಆದ ಮ್ಯಾಲ, ಶಿಲ್ಪಾರಾಣಿ ನಮ್ಮ ಆರು ಮಂದಿನ ಮೀಟಿಂಗ್ ಹಾಲಿಗಿ ಕರದಳು. ಶಿಲ್ಪಾರಾಣಿ ಅಂದ್ರ ಆಫೀಸಿನಾಕಿ, ನಾವು ತಗದ ವಿಡಿಯೋದ ಕೆಳಗ ಇಂಗ್ಲಿಷ್ ಬರಿಯಾಕಿ. ನನಕಿಂತ ಹದಿನೈದು ವರ್ಷ ಸಣ್ಣಾಕಿ, ಆದ್ರ ದಬಾಯಿಸೂದು ನೋಡಿದ್ರ ನನ್ನ ಅತ್ತಿ ನೆಪ್ಪಾಗ್ತಾಳ.

"ಅಕ್ಕಾ, ಫಾರಿನ್ನಿಂದ ಒಂದು ಹಳೀ ಫಿಲಂ ಬಂದದ," ಅಂದಳು. "ನಲವತ್ತು ವರ್ಷದ ಹಿಂದ ನಮ್ಮ ಕಡಿ ಬರ ಬಿದ್ದಿತ್ತಲ್ಲ, ಅವಾಗ ಅಲ್ಲಿನ ದೊಡ್ಡ ದೊಡ್ಡ ರಾಕ್ ಹಾಡುಗಾರರು ಒಂದು ಮೈದಾನದಾಗ ಪುಕಟ ಹಾಡಿ, ಟಿಕೇಟಿನ ರೊಕ್ಕ ಎಲ್ಲಾ ಬರದ ಮಂದಿಗಿ ಅಂತ ಕಳಿಸಿದ್ರಂತ. ಆ ಪ್ರೋಗ್ರಾಂ ಫಿಲಂ ಇದು. ಈಗ ಹೊಸಾದು ಮಾಡಿ ಮತ್ತ ಬಿಡ್ತಾರಂತ. ಅದರಾಗ ಒಂದು ಹುಡಿಗಿನ ತೋರಿಸ್ಯಾರ, ನಮ್ಮ ಕಡಿಯಾಕಿ. ಆಕಿ ಮಂದಿ ಯಾರರ ಇದ್ರ ಹುಡುಕಿಕೊಡ್ರಿ ಅಂತ ಪತ್ರ ಬರದಾರ."

ಕಿಡಕಿಗಿ ಗೋಣಿಚೀಲ ಕಟ್ಟಿ ಕತ್ತಲ ಮಾಡಿ ಫಿಲಂ ಹಚ್ಚಿದಳು. ಯಪ್ಪಾ ಯಪ್ಪಾ, ಏನ್ ಮಂದಿ ಅದು! ಕ್ಯಾಮೆರಾ ಎಷ್ಟು ಹಿಂದ ಹೋದ್ರೂ ಮಂದಿ ಮುಗೀವಲ್ದು. ಸ್ಟೇಜಿನ ಮ್ಯಾಲ ಕೂದಲ ಬಿಟ್ಟ ಗಂಡಸರು. ಒಬ್ಬಾತನ ಪ್ಯಾಂಟು ಎಷ್ಟು ಬಿಗಿ ಇತ್ತಂದ್ರ ನಮ್ಮ ಅಮೃತಬಾಯಿ ಸೆರಗು ಬಾಯಿಗಿ ತುರಕೊಂಡು ನಕ್ಕೋತ ಕುಂತಳು. ಗಿಟಾರು ಚೀರೂದು ಕೇಳಿ ನಂಗ ಮೊದಲ ತಲಿ ಬ್ಯಾನಿ ಬಂತು. ಆದ್ರ ಡ್ರಮ್ ಹಿಡಸ್ತು. ಹಲಗಿ ಕೇಳಿ ಬೆಳದಾಕಿ ನಾನು, ಕಾಲು ತಂತಾನೇ ಕುಣೀಲತ್ತಿತ್ತು. ತಗದಾತನೂ ಶಾಣ್ಯಾ, ಬೆವರ ಹನಿ ಸೈತ ಬಿಟ್ಟಿಲ್ಲ.

ಒಮ್ಮಿಂದೊಮ್ಮೆಲೆ ಗಿಟಾರೆಲ್ಲಾ ನಿಂತವು. ಸ್ಟೇಜಿನ ದೀಪ ಆರಿಸಿದ್ರು. ಡ್ರಮ್ ಒಂದೇ ಸಣ್ಣಗ ಹೊಡೀಲತ್ತಿತ್ತು. ಹಾಡುಗಾರ ಮೈಕ್ ಹಿಡದು ಏನೋ ಅಂದ. ಶಿಲ್ಪಾರಾಣಿ ನಮಗ ಹೇಳಿದಳು, "ಈ ಹುಡಿಗಿ ಇದನ್ನ ತಗದ ದಿನಾನೇ ಸತ್ತಾಳಂತ. ಮುಂದಿನ ಹಾಡು ಆಕಿ ಸಲುವಾಗಿ ಅಂತ."

ಸ್ಟೇಜಿನ ಹಿಂದ ಮನಿಯಷ್ಟು ಎತ್ತರದ ಬಿಳೀ ಪರದೆ. ಅದರ ಮ್ಯಾಲ ಒಂದು ತಿಪ್ಪಿ. ತಿಪ್ಪಿ ಬಾಜೂಕ ಒಬ್ಬ ಹೆಣ್ಣಮಗಳು, ಆಕಿ ತೊಡಿ ಮ್ಯಾಲ ಐದಾರು ವರ್ಷದ ಹುಡಿಗಿ. ಹುಡಿಗಿ ಮಾರಿ ತಾಯಿ ಹೊಟ್ಟಿ ಕಡಿ. ಪಟೇಲ ಶಾಟ್. ಮತ್ತ ಆ ಮೈದಾನದ ದೊಡ್ಡ ದೊಡ್ಡ ಸ್ಪೀಕರಿನಾಗಿಂದ ಅಳೂದು ಬಂತು. ನಮ್ಮ ಮಾತಿನ್ಯಾಗ, ನಮ್ಮ ರಾಗದಾಗ.

"ಪ್ರೇಮಲಾ... ಎಲ್ಲಿ ಹೋದಿ ನನ್ನವ್ವಾ... ಪ್ರೇಮಲಾ..."

ನಾ "ಓ" ಅಂದೆ.

ಜೋರಾಗೇ ಅಂದೆ. ಐದೂ ಮಂದಿ ಹೊಳ್ಳಿ ನನ್ನ ಮಾರಿ ನೋಡಿದ್ರು. "ಯಾರಿಗಿ ಓ ಅಂದಿ?" ಅಂತ ಅಮೃತಬಾಯಿ ಕೇಳಿದಳು. ನಂಗೇನ್ ಗೊತ್ತು? ಬಾಯಿ ತಂತಾನೇ ತೆರದಿತ್ತು. ಅಷ್ಟರಾಗ ಪರದೆ ಮ್ಯಾಲಿನ ಲಕ್ಷ ಮಂದಿ ಆ ಹೆಸರ ಎತ್ಕೊಂಡ್ರು. ಪ್ರೇಮಲಾ, ಪ್ರೇಮಲಾ ಅಂತ ಕೂಗಿಕೋತ, ಲೈಟರ್ ಹಚ್ಚಿ ಕೈ ಮ್ಯಾಲ ಮಾಡಿ ಅತ್ತಾರ ನೋಡ್ರಿ, ಗಂಡಸರೂ ಅತ್ತಾರ. ನನ್ನ ಕಣ್ಣು ಅವರ ಮ್ಯಾಲ ಇರಲಿಲ್ಲ. ಆ ಹೆಣ್ಣಮಗಳ ಕೈ ಮ್ಯಾಲ ಇತ್ತು. ಎಡಗೈ ಕಿರಿಬೆರಳು ಅರ್ಧಾನೇ ಇತ್ತು. ಜ್ವಾಳದ ಕಣಿಕಿ ಕತ್ತರಿಸುವಾಗ ಕುಡಗೋಲು ತಾಕಿ ಹೋದ ಬೆರಳು ಅದು. ಆ ಕೈಲೇ ಉಂಡು ನಾ ದೊಡ್ಡಾಕಿ ಆಗೀನಿ.

"ಯಾರಿಗರ ಗುರ್ತು ಸಿಕ್ತೇನ್ರಿ?" ಅಂತ ಶಿಲ್ಪಾರಾಣಿ ಕೇಳಿದಳು. ಎಲ್ಲಾರೂ ಇಲ್ಲ ಅಂದ್ರು. ನಾನೂ ಇಲ್ಲ ಅಂದೆ.

"ಇರಲಿ. ಶನಿವಾರ ಸುತ್ತಿನ ಊರ ಹಳೀ ಮಂದಿನೆಲ್ಲಾ ಕರಸ್ತೀನಿ, ಅವರಿಗಿ ತೋರಸೂಣು. ತಿಪ್ಪಮ್ಮಕ್ಕಾ, ಅವರು ನೋಡೂದನ್ನ ನೀ ಶೂಟ್ ಮಾಡಬೇಕು," ಅಂದಳು.

ನಂಗೊಬ್ಬ ಅಕ್ಕನೋ ತಂಗಿನೋ ಇದ್ದು ಸತ್ತಿರಬೇಕು, ಅವ್ವ ಹೇಳಿಲ್ಲ, ಅಂತ ತಿಳಕೊಂಡೆ. ಅವ್ವಗ ಈಗ ಎಪ್ಪತ್ತೈದು. ಸತ್ತ ಮಗಳ ಸುದ್ದಿ ಎತ್ತಿ ಆಕಿ ಹೊಟ್ಟಿ ಯಾಕ ಉರಿಸಲಿ ಅಂತ ಮನ್ಯಾಗ ಸುಮ್ನ ಇದ್ದೆ. ಆದ್ರ ಆಕಿ ಹೆಸರಿಗಿ ನಾ ಯಾಕ ಓ ಅಂದೆ? ರಾತ್ರಿ ರೊಟ್ಟಿ ಬಡಿಯುವಾಗೂ ಇದೇ ವಿಚಾರ. ಎರಡು ರೊಟ್ಟಿ ಸುಟ್ಟವು.

ಬುಧವಾರ ನಾರಾಯಣಖೇಡದ ಕಡಿ ಮನೂರಿಗಿ ಹೋಗೂದಿತ್ತು, ತೊಗರಿ ಶೂಟಿಂಗಿಗಿ. ಶೇರ್ ಆಟೋದಾಗ ಹನ್ನೊಂದು ಮಂದಿ ಒತ್ತಿಕೊಂಡು ಹೋಗಿ ಇಳದಾಗ ಬಿಸಿಲು ನೆತ್ತಿಗಿ ಬಂದಿತ್ತು. ಹೊಲದಾಗ ನಾನು, ಅಮೃತಬಾಯಿ ಇಬ್ಬರೇ. ತೊಗರಿ ಕಾಯಿ ಒಣಗಿ ಗಾಳಿಗಿ ಗಿಲಿಗಿಲಿ ಅಂತಾವಲ್ಲ, ಆ ಸಪ್ಪಳ ಬೇಕಂತ ಶಿಲ್ಪಾರಾಣಿ ಹೇಳಿದ್ದಳು. ಹೆಡ್‌ಫೋನ್ ಹಾಕ್ಕೊಂಡು ಸಾಲಿನ್ಯಾಗ ಕುಂತೆ. ಗಿಲಿಗಿಲಿ ಚಂದ ಬರ್ಲತ್ತಿತ್ತು. ಅದರ ನಡುವ, ಕಿವಿ ಹತ್ರ, ಕುಂತು ಮಾತಾಡಿದಂಗ:

"ಪ್ರೇಮಲಾ..."

"ಓ," ಅಂದೆ.

ಹೆಡ್‌ಫೋನ್ ಕಿತ್ತಿ ಒಗದೆ. ಅಮೃತಬಾಯಿ ಬದುವಿನ ಮ್ಯಾಲ ಕುಂತು ಎಲಿಗಿ ಸುಣ್ಣ ಹಚ್ಲತ್ತಿದ್ದಳು. "ಕರದೇನು ನನಗ?" ಅಂತ ಕೇಳಿದೆ. "ಇಲ್ಲವಾ, ಯಾಕ? ಮೊನ್ನಿನೂ ಹಂಗೇ ಓ ಅಂದಿ, ತಲಿ ಕೆಟ್ಟದೇನು?" ಅಂದಳು. ತಗದಿದ್ದನ್ನ ಅಲ್ಲೇ ಹೊಳ್ಳಿ ಹಾಕಿ ಕೇಳಿದೆ. ತೊಗರಿ ಕಾಯಿ, ಗಾಳಿ, ಮತ್ತ ನನ್ನ ದನಿ ಒಂದೇ, "ಓ". ಕರದ ದನಿ ಇಲ್ಲ.

ಸಂಜಿ ಮನಿಗಿ ಬಂದಾಗ ಅವ್ವ ತಾಂಡೂರ ಕಲ್ಲಿನ ಫರಸಿ ಮ್ಯಾಲ ಕಾಲು ಚಾಚಿ ಕುಂತು ಹುಣಸಿಹಣ್ಣು ಬಿಡಸ್ಲತ್ತಿದ್ದಳು. ನಾ ಚಪ್ಪಲ್ ಸೈತ ಬಿಡಲಿಲ್ಲ.

"ಅವ್ವಾ, ಪ್ರೇಮಲಾ ಯಾರು?"

ಆಕಿ ಕೈಯಾಗಿನ ಹುಣಸಿಹಣ್ಣು ಕೆಳಗ ಬಿತ್ತು. ಯಾರು ಹೇಳಿದ್ರು ಅಂತ ಕೇಳಲಿಲ್ಲ, ಎಲ್ಲಿ ಕೇಳಿದಿ ಅಂತ ಕೇಳಲಿಲ್ಲ. "ಎಷ್ಟು ಸರ್ತಿ ಓ ಅಂದಿ?" ಅಂತ ಕೇಳಿದಳು.

"ಎರಡು," ಅಂದೆ.

ಅವ್ವ ಎದಿ ಎದಿ ಬಡಕೊಂಡಳು. ನಾ ಆಕಿ ಎರಡೂ ಕೈ ಹಿಡದು ಕುಂಡ್ರಿಸಿ, ನೀರು ಕುಡಿಸಿ, ಫಿಲಂ ಸುದ್ದಿ ಎಲ್ಲಾ ಹೇಳಿದೆ. "ನನ್ನ ಅಕ್ಕನಾ, ತಂಗಿನಾ ಆಕಿ?" ಅಂತ ಕೇಳಿದೆ.

"ಅದು ನೀನೇ," ಅಂದಳು.

ಆಮ್ಯಾಲ ಹೇಳಿದಳು. ನನಕಿಂತ ಮೊದಲ ಎರಡು ಕೂಸು ಹೋಗಿದ್ದವಂತ, ಎರಡೂ ಆರು ತುಂಬೂದ್ರಾಗ. ಬರದ ವರ್ಷ ನಂಗ ಆರು ನಡೀತಿತ್ತು. ಜ್ವರ ಬಂದು ಹನ್ನೊಂದು ದಿನ ಕಣ್ಣು ತಗದಿಲ್ಲ. "ನಮ್ಮತ್ತಿ ಅಂದಳು, ಜೀವ ಒಯ್ಯಾಕಿ ಬಾಗಿಲಿಗಿ ಬಂದು ನಿಂತಾಳ, ಆಕಿ ಒಳಗ ಬರೂದಕ್ಕಿಂತ ಮೊದಲ ನೀನೇ ಅತ್ತುಬಿಡು. ಕೂಸು ಸತ್ತದ, ಇಲ್ಲಿ ಒಯ್ಯಾಕ ಏನೂ ಉಳದಿಲ್ಲ ಅಂತ ಆಕಿ ನಂಬಬೇಕು. ತಿಪ್ಪಿಗಿ ಒಯ್ದು, ಹೆಸರ ಹಿಡದು ಅಳು. ಹೊತ್ತು ಮುಣಗಿದ ಮ್ಯಾಲ ಬ್ಯಾರೇ ಯಾರರ ಎತ್ಕೊಂಡು ಬಂದು, ತಿಪ್ಪ್ಯಾಗ ಸಿಕ್ಕದ ಅಂತ ನಿನ್ನ ಉಡ್ಯಾಗ ಹಾಕ್ತಾರ. ಹೊಸಾ ಕೂಸು, ಹೊಸಾ ಹೆಸರು. ಹಳೀ ಹೆಸರು ಮತ್ತ ಯಾರೂ ಹಿಡೀಬಾರದು. ಹಂಗೇ ಮಾಡಿದೆ, ಜ್ವರ ಇಳದಾಗ ನಿಂಗೂ ಹಳೀದೇನೂ ನೆಪ್ಪಿರಲಿಲ್ಲ."

"ಮತ್ತ ಫಾರಿನ್ನವರು?"

"ನಾ ಅಳೂದು ಸುರು ಮಾಡೀನಿ, ಜೀಪ್ ಬಂತು. ಕೆಂಪು ಮಾರಿ ಮನಷ್ಯಾ ಒಬ್ಬಾತ ಕ್ಯಾಮೆರಾ ಹಿಡದು ಮ್ಯಾಲ ನಿಂತ. ಇನ್ನೊಬ್ಬ ನನ್ನ ಬಾಯಿ ಹತ್ರ ಟೇಪು ಹಿಡದ. ಜೋಡಿ ಬಂದ ಹೈದರಾಬಾದಿನಾತ, ಅಮ್ಮಾ, ಕೂಸು ಸತ್ತದೇನು ಅಂತ ಕೇಳಿದ. ನಾ ಏನ್ ಹೇಳಲಿ? ಜೀವ ಅದ ಅಂದ್ರ ಒಯ್ಯಾಕಿ ಕೇಳಸ್ಕೋತಾಳ. ಹೌದರಿ, ಸತ್ತಾಳ ಅಂದೆ. ಹೆಸರೇನು ಅಂದ. ಹೇಳಿದೆ. ಅವರೂ ಕಣ್ಣೀರ ವರಸ್ಕೊಂಡು ಹೋದ್ರು."

ನಂಗ ನಗು ಬಂತು, ಸುಳ್ಳ್ಯಾಕ ಹೇಳಲಿ. ಅಷ್ಟು ದೊಡ್ಡ ಮೈದಾನ, ಅಷ್ಟು ಹಾಡು, ಅಷ್ಟು ಮಂದಿ ಕಣ್ಣೀರು, ನನ್ನ ಸಲುವಾಗಿ, ನಾ ಇಲ್ಲಿ ತಿಪ್ಪ್ಯಾಗಿಂದ ಎದ್ದು ಜ್ವಾಳದ ಅಂಬಲಿ ಕುಡದು ಆಡ್ಲತ್ತಿದ್ದೆ! ಅವ್ವ ನಗಲಿಲ್ಲ.

"ಲಕ್ಷ ಮಂದಿ ಅತ್ತದ್ದಕ್ಕೇ ನೀ ಉಳದೀದಿ. ಅದಕ್ಕೇ ಒಯ್ಯಾಕಿ ಇಷ್ಟು ವರ್ಷ ನಂಬ್ಯಾಳ. ಈಗ ನೀನೇ ಓ ಅಂದಿ, ಜೀವ ಅದ ಅಂತ ತಿಳೀತು ಆಕಿಗಿ. ಮೂರು ಸರ್ತಿ ಕರೀತಾಳ. ಮೂರನೇದಕ್ಕ ಓ ಅಂದ್ರ ಎಬ್ಬಿಸ್ಕೊಂಡು ಹೋಗ್ತಾಳ."

"ಅದು ನಿನ್ನ ದನಿ ಅವ್ವಾ. ಆಕಿದಲ್ಲ."

"ಆ ದಿನದ ನನ್ನ ದನಿ ಆಕಿ ಹತ್ರ ಉಳದದ. ಅದರಲೇ ಕರೀತಾಳ. ಶನಿವಾರ ನೀ ಅಲ್ಲಿಗಿ ಹೋಗಬ್ಯಾಡ."

ನಂಗ ಸಿಟ್ಟು ಬಂತು. ಒಂದು ವಿಡಿಯೋಕ್ಕ ಹೆದರಿ ಮನ್ಯಾಗ ಕುಂಡ್ರಲಾ? ಇಪ್ಪತ್ತು ವರ್ಷ ಕ್ಯಾಮೆರಾ ಹಿಡದಾಕಿ ನಾನು, ಪರದೆ ಮ್ಯಾಲಿಂದು ಬೆಳಕು ಅಂತ ಗೊತ್ತಿಲ್ಲೇನು? ಹಂಗಂತ ಒದರಾಡಿದೆ. ಒದರಾಡೂದು ಒದರಾಡಿದೆ, ಆದ್ರ ಆ ರಾತ್ರಿಯಿಂದ ಹಿತ್ತಲಕ್ಕ ಒಬ್ಬಾಕಿನೇ ಹೋಗಲಿಲ್ಲ. ಮತ್ತ ಇನ್ನೊಂದು ಮಾತು ಅವ್ವಗ ಹೇಳಲಿಲ್ಲ, ನಿಮಗ ಹೇಳ್ತೀನಿ. ನಂಗ ಆ ಹೆಸರು ಮತ್ತೊಮ್ಮಿ ಕೇಳಬೇಕಾಗಿತ್ತು. ಇಷ್ಟು ಚಂದ ಹೆಸರು ನಂದು! ಕನ್ನಡಿ ಮುಂದ ನಿಂತು ತುಟಿಯಾಗೇ ಅಂದು ನೋಡಿದೆ, ದನಿ ಹೊರಗ ಬಿಡದೆ. ಅವ್ವ ಮೂವತ್ತೈದರಾಕಿ ಇದ್ದಾಗ ಹ್ಯಾಂಗ ಕರೀತಿದ್ದಳು ಅದನ್ನೂ ಕೇಳಬೇಕಾಗಿತ್ತು. ಜೀವದ ಆಸೆಕಿಂತ ಅದೇ ಹೆಚ್ಚಿತ್ತೇನೋ ಯಾರಿಗಿ ಗೊತ್ತು.

ಶನಿವಾರ ಅವ್ವ ನನಕಿಂತ ಮೊದಲ ತಯಾರಾಗಿ ಕುಂತಿದ್ದಳು, ಇಳಕಲ್ ಸೀರಿ ಉಟ್ಟು. "ನಾನೂ ಬರ್ತೀನಿ, ನೀ ಬಾಯಿ ಬಿಟ್ಟ ಕೂಡಲೇ ಹಿಡಿಯಾಕ," ಅಂದಳು.

ಮಧ್ಯಾನ ಮೀಟಿಂಗ್ ಹಾಲ್ ತುಂಬಿತ್ತು. ಮೊಗುಡಂಪಲ್ಲಿ ಕಡಿಯಿಂದ ಸೈತ ಮುದುಕ್ಯಾರು ಬಂದಿದ್ರು. ನಾ ಮೂಲ್ಯಾಗ ಕ್ಯಾಮೆರಾ ನಿಂದರಿಸಿ ಜ್ವಾಕಿ ಮಾಡಿದೆ. ಮೈಕಿನ ವೈರು, ಹೆಡ್‌ಫೋನಿನ ವೈರು ಎರಡೂ ಕ್ಯಾಮೆರಾದಿಂದ ಕಿತ್ತಿ ತಗದೆ. ಕಿವಿಗಿ ಹತ್ತಿ ಇಟ್ಟು ಮ್ಯಾಲ ಹೆಡ್‌ಫೋನ್ ಹಾಕ್ಕೊಂಡೆ. ಈಗ ಏನೂ ಕೇಳೂದಿಲ್ಲ, ಮಂದಿ ಮಾರಿ ಅಷ್ಟೇ ನೋಡೂದು. ಅವ್ವ ಮೊದಲಿನ ಸಾಲಿನ್ಯಾಗ ಕುಂತಿದ್ದಳು.

ಹಾಡು ಸುರು ಆತು. ಹತ್ತಿ ದಾಟಿ ಡ್ರಮ್ ಒಂದೇ ಎದಿಗಿ ಬಡೀಲತ್ತಿತ್ತು. ಗಿಟಾರು ಹಿಡದಾತನ ಕುಣಿತ ನೋಡಿ ಮುದುಕ್ಯಾರು ನಕ್ಕಿದ್ದು ಕಂಡಿತು, ನಗಿ ಕೇಳಲಿಲ್ಲ. ಆಮ್ಯಾಲ ದೀಪ ಆರಿದವು. ಪರದೆ ಮ್ಯಾಲ ಪರದೆ, ಅದರ ಮ್ಯಾಲ ತಿಪ್ಪಿ, ತಿಪ್ಪಿ ಬಾಜೂಕ ನಾನು. ಮುದುಕ್ಯಾರು ಸೆರಗು ಕಣ್ಣಿಗಿ ಹಚ್ಚಿದ್ರು. ನಾ ಹಲ್ಲು ಕಚ್ಚಿ ನಿಂತೆ.

ಹೆಡ್‌ಫೋನಿನ ಒಳಗ ಬಂತು. ಅದರ ವೈರು ನನ್ನ ಕೈಯಾಗೇ ಜೋತು ಬಿದ್ದಿತ್ತು, ಎಲ್ಲಿಗೂ ಹಚ್ಚಿದ್ದಿಲ್ಲ.

"ಪ್ರೇಮಲಾ... ನನ್ನವ್ವಾ... ಎಲ್ಲಿ ಅದೀ?"

ಸೋಮವಾರ ಕೇಳಿದ ಅಳೂದ್ರಾಗ "ಎಲ್ಲಿ ಹೋದಿ" ಇತ್ತು. ಇದು "ಎಲ್ಲಿ ಅದೀ" ಅಂತು. ನೀವೇ ಹೇಳ್ರಿ, ಹೆತ್ತ ತಾಯಿ ಅಳ್ಕೋತ ನಿಮ್ಮ ಹೆಸರ ಹಿಡದು ಎಲ್ಲಿ ಅದೀ ಅಂದ್ರ ಹ್ಯಾಂಗ ಸುಮ್ನ ಇರ್ತೀರಿ? ಆಕಿ ನನ್ನ ಹುಡುಕ್ಲತ್ತಾಳ, ಒಂದು ಸಣ್ಣ ಓ ಅಂದ್ರ ಆಕಿ ಅಳೂದು ನಿಂದರ್ತದ. ಹೆದರಿಕಿ ಎಲ್ಲಾ ಹೋಗಿ ಬರೇ ಸಂಕಟ ಉಳೀತು ನಂಗ. ಬಾಯಿ ತೆರದೆ.

ಮೊದಲಿನ ಸಾಲಿನ್ಯಾಗ ಅವ್ವ ಎದ್ದು ನಿಂತಳು. ಮೊಣಕಾಲ ಹಿಡದು ಎರಡು ಸರ್ತಿ ಏಳಾಕಿ, ಆವತ್ತು ಹುಡಿಗಿ ಎದ್ದಂಗ ಎದ್ದಳು.

"ಓ! ಇಲ್ಲೇ ಅದೀನಿ!" ಅಂದಳು.

ಹತ್ತಿ, ಹೆಡ್‌ಫೋನ್ ಎಲ್ಲಾ ದಾಟಿ ಆ ಮಾತು ನಂಗ ಕೇಳಿಸ್ತು. ಪರದೆ ಮ್ಯಾಲ ಅಳೂದು ಅಲ್ಲಿಗೇ ತಟ್ಟನೆ ನಿಂತು ಗಿಟಾರು ಬಡಿಯಾಕ ಹತ್ತಿದವು. ಸೋಮವಾರ ಇನ್ನೂ ಎರಡು ಸಾಲು ಅಳೂದಿತ್ತು, ನನ್ನ ಕಿವಿಲೇ ಕೇಳೀನಿ. ಆಮ್ಯಾಲ ಶಿಲ್ಪಾರಾಣಿಗಿ ಕೇಳಿದ್ರ "ಫಿಲಂ ಇರೂದೇ ಹಂಗ ಅಕ್ಕಾ" ಅಂತಾಳ. ಜಗಳಾಡೂದು ಬಿಟ್ಟೀನಿ.

ನಾ ಓಡಿ ಹೋಗಿ ಅವ್ವನ ಹಿಡಕೊಂಡೆ. "ಏನ್ ಮಾಡಿದೆವ್ವಾ ನೀ?" ಅಂದೆ. "ಕರದಾಕಿ ನಾನು, ಓ ಅಂದಾಕಿನೂ ನಾನು. ನಡುವ ನಿಂದೇನದ?" ಅಂದಳು. ಶಿಲ್ಪಾರಾಣಿ ಬಂದು "ಅಮ್ಮಾ, ಆ ಹುಡಿಗಿ ನಿಮಗ ಗೊತ್ತೇನ್ರಿ?" ಅಂತ ಕೇಳಿದಳು. "ಗೊತ್ತದವ್ವಾ. ಸತ್ತಾಳ ಆಕಿ. ಹಂಗೇ ಬರದು ಕಳಸು," ಅಂದಳು ಅವ್ವ, ಕಣ್ಣು ಪಿಳುಕಿಸದೆ.

ಆ ದಿನ ಮನಿಗಿ ಬಂದು ಎರಡು ರೊಟ್ಟಿ ಉಂಡಳು, ಪುಂಡಿ ಪಲ್ಯ ಮತ್ತ ಬೇಡಿ ಹಾಕಿಸ್ಕೊಂಡಳು. ಭಾನುವಾರ ತಲಿಗಿ ಎರಕೊಂಡಳು. ನನ್ನ ತಲಿ ಹಿಕ್ಕಿದಳು, ಐವತ್ತರ ಹತ್ರ ಬಂದಾಕಿನ ತೊಡಿ ಮುಂದ ಕುಂಡ್ರಿಸ್ಕೊಂಡು. ಹಿಕ್ಕೋತ ಹೇಳಿದಳು, "ನಾ ಹೋದಾಗ ನನ್ನ ಹೆಸರ ಹಿಡದು ಅಳಬ್ಯಾಡ. ಈರಮ್ಮ ಅನಬ್ಯಾಡ, ಅವ್ವಾ ಅನಬ್ಯಾಡ. ಪ್ರೇಮಲಾ ಅಂತ ಅಳು. ಮಂದಿ ಎದುರು, ಜೋರಾಗಿ, ಮೂರು ಸರ್ತಿ. ಪ್ರೇಮಲಾ ಸತ್ತಾಳ ಅಂತ ಒಯ್ಯಾಕಿ ನಂಬಬೇಕು." "ಬಾಯಿ ಮುಚ್ಚು, ನಿಂಗೇನ್ ಧಾಡಿ ಆಗ್ಯದ," ಅಂತ ಬೈದೆ. ಜಡಿ ಜಗ್ಗಿ ಕಟ್ಟಿದಳು.

ಮಂಗಳವಾರ ನಾ ಆಫೀಸಿನಿಂದ ಮಧ್ಯಾನ ಊಟಕ್ಕ ಬಂದಾಗ ಫರಸಿ ಮ್ಯಾಲ ಮಗ್ಗಲಾಗಿ ಮಲಗಿದ್ದಳು. ಹುಣಸಿಹಣ್ಣು ಎಲ್ಲಾ ಬಿಡಿಸಿ ಗಡಗ್ಯಾಗ ತುಂಬಿ ಬಾಯಿ ಕಟ್ಟಿ ಇಟ್ಟಿದ್ದಳು. ಮುಟ್ಟಿದ್ರ ಕಲ್ಲೂ ತಣ್ಣಗ, ಆಕಿನೂ ತಣ್ಣಗ. ಡಾಕ್ಟರ್ ಬಂದು ಎದಿ ನಿಂತದ, ವಯಸ್ಸಾಗಿತ್ತು ಅಂದ. ವಯಸ್ಸು ಆಗಿತ್ತು, ನಾ ಇಲ್ಲ ಅನ್ನಂಗಿಲ್ಲ.

ಮಂದಿ ನೆರದ್ರು. ಅಮೃತಬಾಯಿ ಬಂದಳು, ಶಿಲ್ಪಾರಾಣಿ ಬಂದಳು. ಅಳವ್ವಾ, ಹಿಡಕೋಬ್ಯಾಡ ಅಂದ್ರು. ನನ್ನ ಬಾಯಿಗಿ ಬಂದದ್ದು ಅವ್ವಾ ಅಂತಾನೇ. ಅದನ್ನ ನುಂಗಿದೆ. ಹೆತ್ತಾಕಿ ಹೆಣದ ಮುಂದ ಅವ್ವಾ ಅನ್ನಲಾರದೆ ಕುಂಡ್ರೂದು ಎಂಥಾ ಶಿಕ್ಷಾ, ಅನುಭವಿಸಿದವರಿಗೇ ಗೊತ್ತು. ಆಕಿ ತಲಿ ನನ್ನ ತೊಡಿ ಮ್ಯಾಲ ಇಟ್ಕೊಂಡು, ಎದಿ ಬಡಕೊಂಡು ಕೂಗಿದೆ.

"ಪ್ರೇಮಲಾ... ಎಲ್ಲಿ ಹೋದಿ ನನ್ನವ್ವಾ... ಪ್ರೇಮಲಾ..."

ಹೆಣ್ಣಮಕ್ಕಳು ಒಬ್ಬರ ಮಾರಿ ಒಬ್ಬರು ನೋಡಿದ್ರು. ದುಃಖಕ್ಕ ತಲಿ ತಿರಗ್ಯದ ಪಾಪ ಅಂತ ಯಾರೋ ಅಂದ್ರು. ಎರಡನೇ ಸರ್ತಿ ಕೂಗಿದೆ. ಆ ದನಿ ನಂದಲ್ಲ, ಫಿಲಂನ್ಯಾಗಿಂದು, ಅದೇ ರಾಗ, ಅದೇ ಎಳೆತ. ಮೂರನೇ ಸರ್ತಿ ಕೂಗಿ ಸುಮ್ನಾದೆ, ಕಿವಿ ಕೊಟ್ಟು ಕುಂತೆ. ಹೊರಗಿಂದ ಓ ಬರ್ತದೇನೋ, ಅವ್ವನ ಬಾಯಿಂದ ಬರ್ತದೇನೋ, ನನ್ನ ಬಾಯಿಂದಾನೇ ಬರ್ತದೇನೋ ಅಂತ.

ಯಾರೂ ಓ ಅನ್ನಲಿಲ್ಲ. ಅವಾಗ ನಂಗ ಅವ್ವ ಸತ್ತಾಳಂತ ಖರೇ ಅನಿಸ್ತು.